ರೈತನ ಕಡೆಗೆ ತಿರುಗಿದ ತೆರೆ



ನಿಮ್ಮಲ್ಲಿ ಅನೇಕರು ತಂತ್ರಾಂಶ ಬರೆಯಲು ಕಲಿಯುತ್ತಿರಬಹುದು. ಅದನ್ನು ಬಳಸುವವರಿಗೆ ನೀವು ಬರೆದ ಸಾಲುಗಳು ಕಾಣುವುದಿಲ್ಲ. ಕಾಣುವುದು ತೆರೆಯ ಮೇಲಿನ ಗುಂಡಿಗಳು, ಪದಗಳು, ತುಂಬಬೇಕಾದ ಖಾಲಿ ಜಾಗಗಳು. ಇವೆಲ್ಲ ಸೇರಿ ಇಂಟರ್‌ಫೇಸ್.

ಇದನ್ನು ಕಲಿಯಲು ಒಳ್ಳೆಯ ಗ್ರಂಥಗಳಿವೆ. ಡೊನಾಲ್ಡ್ ನಾರ್ಮನ್ 1988ರಲ್ಲಿ ಪ್ರಕಟಿಸಿದ, ಈಗ 'ದಿ ಡಿಸೈನ್ ಆಫ್ ಎವೆರಿಡೇ ಥಿಂಗ್ಸ್' ಎಂಬ ಹೆಸರಿನಲ್ಲಿ ಸಿಗುವ ಪುಸ್ತಕವನ್ನು ಮೊದಲು ಓದಿ. ಅದರಲ್ಲಿ ಗಣಕಯಂತ್ರಕ್ಕಿಂತ ಬಾಗಿಲು, ಒಲೆಗಳ ಮಾತೇ ಹೆಚ್ಚು, ಬೇಸರಪಡಬೇಡಿ. ಅನಂತರ ಯಾಕೊಬ್ ನೀಲ್ಸನ್ 1994ರಲ್ಲಿ ಪರಿಷ್ಕರಿಸಿದ ಹತ್ತು ಸೂತ್ರಗಳು. ಬಾಯಿಪಾಠ ಮಾಡಿದರೆ ಪರೀಕ್ಷೆಗೆ ಸಾಕು, ಕೆಲಸಕ್ಕೆ ಸಾಲದು. ಆದ್ದರಿಂದ ಎರಡು ಸೂತ್ರಗಳನ್ನು ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿಟ್ಟು ನೋಡೋಣ.

ಒಳಗೆ ಏನು ನಡೆಯುತ್ತಿದೆಯೆಂದು ಬಳಸುವವರಿಗೆ ತಿಳಿಯುತ್ತಿರಬೇಕು. ಇದು ಮೊದಲ ಸೂತ್ರ. ಪಹಣಿ ಕೈಬರಹದಲ್ಲಿದ್ದಾಗ ಪುಸ್ತಕವಿದ್ದದ್ದು ಗ್ರಾಮಲೆಕ್ಕಿಗರ ಬಳಿ. ಅವರು ತೋರಿಸಿದರೆ ಉಂಟು, ಇಲ್ಲವಾದರೆ ಇಲ್ಲ. ಪಹಣಿಯಲ್ಲಿ ಹೆಸರೋ ಗುಂಟೆಯೋ ತಪ್ಪಿದರೆ ಬೆಳೆಸಾಲಕ್ಕೇ ತೊಡಕು. 2002ರ ಹೊತ್ತಿಗೆ 'ಭೂಮಿ' ಯೋಜನೆ ರಾಜ್ಯದ ತಾಲ್ಲೂಕು ಕಚೇರಿಗಳಲ್ಲಿ 15 ರೂಪಾಯಿಗೆ ಗಣಕೀಕೃತ ಪಹಣಿ ಕೊಡತೊಡಗಿತು. ಆ ಕೌಂಟರಿನಲ್ಲಿ ಎರಡನೆಯ ತೆರೆಯೊಂದನ್ನು ರೈತನ ಕಡೆಗೆ ತಿರುಗಿಸಿ ಇಡಲಾಗಿತ್ತು. ಸಿಬ್ಬಂದಿ ನೋಡುವುದನ್ನೇ ರೈತನೂ ನೋಡಬಹುದಿತ್ತು. ಇಂಟರ್‌ಫೇಸ್ ಯಾರಿಗಾಗಿ ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಪುಸ್ತಕದಲ್ಲಿ ಸಿಕ್ಕಿಲ್ಲ.

ಎರಡನೆಯ ಸೂತ್ರ, ಬಳಸುವವರ ಮಾತಿನಲ್ಲೇ ಮಾತನಾಡಬೇಕೆಂಬುದು. ಅಡಿಕೆ ದರ ತಿಳಿಸುವ ತಂತ್ರಾಂಶವನ್ನು ನೀವು ಬರೆಯುತ್ತೀರಿ ಎನ್ನಿ. 'ಒಂದನೆಯ ದರ್ಜೆ, ಎರಡನೆಯ ದರ್ಜೆ' ಎಂದು ಹಾಕುವುದು ನಿಮಗೆ ಸುಲಭ. ಆದರೆ ಹಸಿ ಅಡಿಕೆ ಸುಲಿದು ಬೇಯಿಸಿ ಒಣಗಿಸಿದರೆ ರಾಶಿ. ಹಣ್ಣಡಿಕೆಯನ್ನು ಒಣಗಿಸಿ ಸುಲಿದರೆ ಚಾಲಿ. ಬೆಟ್ಟೆ, ಕೆಂಪುಗೋಟು, ಬಿಳಿಗೋಟು, ಕೋಕ ಬೇರೆ ಇವೆ. ಯಲ್ಲಾಪುರದ ಪಟ್ಟಿಯಲ್ಲಿ 'ಅಪಿ' ಎಂಬುದೂ ಬರುತ್ತದೆ. ವರ್ಷದ ಬೆಳೆಯನ್ನು ಮಾರಲು ಹೊರಟವರು ತಪ್ಪು ಸಾಲಿನ ದರ ನೋಡಿ ತೀರ್ಮಾನಿಸಿದರೆ ನಷ್ಟ ಅವರದು, ತಪ್ಪು ನಿಮ್ಮದು.

ನೀವು ಬರೆದದ್ದನ್ನು ಮನೆಯ ಹಿರಿಯರೊಬ್ಬರ ಕೈಗೆ ಕೊಟ್ಟು ಬಾಯಿ ಬಿಡದೆ ಕುಳಿತುಕೊಳ್ಳಿ. ಬೆರಳು ಎಲ್ಲಿ ತಡೆಯಿತು ಎಂಬುದನ್ನು ಬರೆದುಕೊಳ್ಳಿ. ಐದು ಮಂದಿಯನ್ನು ಹೀಗೆ ಗಮನಿಸಿದರೆ ಬಹುಪಾಲು ತೊಡಕುಗಳು ಹೊರಬೀಳುತ್ತವೆ ಎಂದು ನೀಲ್ಸನ್ 2000ದಲ್ಲಿ ಬರೆದರು. ಆ ಐವರಲ್ಲಿ ಒಬ್ಬರಾದರೂ ಕನ್ನಡಕ ಮರೆತು ಬಂದವರಾಗಿರಲಿ.