ತೇಲುವ ದೋಣಿಗೆ ಫ್ಯಾನ್ ಬದಲಿಸುವುದು

(ಸಂಸ್ಥೆಯ ವಾರ್ಷಿಕ ಸಮಾರಂಭದ ಅಂಗವಾಗಿ ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)



ಇಂದಿನ ವಿಷಯವನ್ನು ಓದಿ ಹಿಂದಿನ ಸಾಲಿನ ಕೆಲವರು ನಕ್ಕಿದ್ದನ್ನು ನಾನು ನೋಡಿದೆ. ನಗುವುದು ಸಹಜವೇ. ಹುಬ್ಬಳ್ಳಿ-ಧಾರವಾಡದವರಾದ ನಮಗೆ ದೋಣಿ ಎಂದರೆ ಉಣಕಲ್ ಕೆರೆಯ ದೋಣಿ, ಅಷ್ಟೇ. ಆದರೆ ನಮ್ಮೂರ ಮಾರುಕಟ್ಟೆಗೆ ಬರುವ ಸಮುದ್ರದ ಮೀನು ಅರಬೈಲ್ ಘಟ್ಟ ಹತ್ತಿಯೇ ಬರಬೇಕು. ಆ ಮೀನು ಹಿಡಿದ ದೋಣಿಗೆ ಇಂಜಿನ್ ಇದೆ, ಗೇರ್ ಬಾಕ್ಸ್ ಇದೆ, ಶಾಫ್ಟ್ ಇದೆ. ಅವುಗಳನ್ನು ರಿಪೇರಿ ಮಾಡುವ ಕೈಗಳಲ್ಲಿ ನಮ್ಮವರ ಕೈಗಳೂ ಸಾಕಷ್ಟಿವೆ. ನಾನೂ ಹುಬ್ಬಳ್ಳಿಯಲ್ಲಿ ಲಾರಿ ಇಂಜಿನ್ ಬಿಚ್ಚುವುದನ್ನು ಕಲಿತು, ಚಿಕ್ಕ ವಯಸ್ಸಿನಲ್ಲಿ ಕರಾವಳಿಗೆ ಹೋಗಿ ಐದು ವರ್ಷ ದೋಣಿ ಕೆಲಸ ಮಾಡಿದವನು.

ಪ್ರೊಪೆಲ್ಲರ್ ಎಂಬ ಶಬ್ದ ಪುಸ್ತಕದ್ದು. ಬಂದರಿನಲ್ಲಿ ಅದು ಫ್ಯಾನ್. ಯಾಂತ್ರೀಕೃತ ದೋಣಿಗಳಿಗೆ ನಮ್ಮ ರಾಜ್ಯದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ. ದೋಣಿಯನ್ನು ಮೇಲೆಳೆದು ತಳ ಕೆರೆಯುವುದು, ಬಣ್ಣ ಬಳಿಯುವುದು, ಫ್ಯಾನ್ ನೋಡುವುದು ಎಲ್ಲವೂ ಆಗ ನಡೆಯುತ್ತದೆ. ಆದರೆ ಫ್ಯಾನ್ ಪಂಚಾಂಗ ನೋಡಿ ಮುರಿಯುವುದಿಲ್ಲ. ನದಿಯ ಬಾಯಲ್ಲಿ ಮರಳದಿಬ್ಬ ತಾಗುತ್ತದೆ, ತೇಲಿ ಬಂದ ಮರದ ದಿಮ್ಮಿ ಬಡಿಯುತ್ತದೆ, ಯಾರೋ ಎಸೆದ ಬಲೆಯ ಹಗ್ಗ ಸುತ್ತಿಕೊಳ್ಳುತ್ತದೆ. ಒಂದು ರೆಕ್ಕೆ ಬಾಗಿದರೆ ಸಾಕು, ಇಡೀ ದೋಣಿ ನಡುಗುತ್ತದೆ. ಆ ನಡುಕ ಶಾಫ್ಟಿನ ಬೇರಿಂಗಿಗೆ, ಅಲ್ಲಿಂದ ಗೇರ್ ಬಾಕ್ಸಿಗೆ ಏರುತ್ತದೆ. ದೋಣಿ ಎಳೆಯುವ ಜಾಗದಲ್ಲಿ ಬೇರೆಯವರ ಸರದಿ ಇರುತ್ತದೆ. ಐಸ್ ಕರಗುತ್ತಿರುತ್ತದೆ. ಹತ್ತು ಮನೆಯವರ ದುಡಿಮೆ ನಿಂತಿರುತ್ತದೆ. ಆಗ ಮಾಲೀಕ ಕೇಳುತ್ತಾನೆ: ‘ಮಿಸ್ತ್ರಿ, ನೀರಲ್ಲೇ ಬದಲಿಸಲಿಕ್ಕೆ ಆಗೋದಿಲ್ವಾ?’

ಆಗುತ್ತದೆ. ಆದರೆ ಭರತದಲ್ಲಿ ದೋಣಿಯನ್ನು ಮರಳಿನ ದಂಡೆಗೆ ತಂದು ನಿಲ್ಲಿಸಿ, ಇಳಿತವಾದಾಗ ಒಣ ನೆಲದಲ್ಲಿ ಕೆಲಸ ಮಾಡಲು ಸಾಧ್ಯವಿದ್ದರೆ ಅದನ್ನೇ ಮಾಡಬೇಕು. ಅಮಾವಾಸ್ಯೆ ಹುಣ್ಣಿಮೆಗಳ ಸಮೀಪದಲ್ಲಿ ನೀರು ಹೆಚ್ಚು ಇಳಿಯುತ್ತದೆ, ಸಣ್ಣ ದೋಣಿಗೆ ಅಷ್ಟು ಸಾಕು. ನೀರಿನಲ್ಲಿಯೇ ಬದಲಿಸಬೇಕೆಂದು ನನ್ನ ಬಳಿ ಬಂದವರಲ್ಲಿ ಅರ್ಧದಷ್ಟು ಜನರಿಗೆ ಇದ್ದದ್ದು ಬರೀ ಅವಸರ ಎಂದು ನನ್ನ ಅಭಿಪ್ರಾಯ.

ಫ್ಯಾನ್ ಕಳಚಿದರೆ ಆ ತೂತಿನಿಂದ ನೀರು ನುಗ್ಗಿ ದೋಣಿ ಮುಳುಗುವುದಿಲ್ಲವೇ ಎಂದು ನೀವು ಕೇಳಬಹುದು. ಮುಳುಗುವುದಿಲ್ಲ. ಫ್ಯಾನ್ ಕೂತಿರುವುದು ಶಾಫ್ಟಿನ ತುದಿಯಲ್ಲಿ. ಶಾಫ್ಟು ತನ್ನ ಕೊಳವೆಯಲ್ಲಿ ಹಾಗೆಯೇ ಇರುತ್ತದೆ, ಒಳಗಡೆ ಗ್ರೀಸ್ ಹಚ್ಚಿದ ಪ್ಯಾಕಿಂಗ್ ಹಗ್ಗ ನೀರನ್ನು ತಡೆದಿರುತ್ತದೆ. ಭಯ ಇರುವುದು ಶಾಫ್ಟೇ ಹಿಂದಕ್ಕೆ ಜಾರಿದರೆ. ಆದ್ದರಿಂದ ನೀರಿಗಿಳಿಯುವ ಮೊದಲು ಒಳಗಿನ ಕಪ್ಲಿಂಗ್ ಬೋಲ್ಟುಗಳನ್ನು ಮುಟ್ಟಿ ನೋಡಬೇಕು.

ಇನ್ನು ನನ್ನ ತಪ್ಪಿನ ಕಥೆ ಹೇಳುತ್ತೇನೆ. ಅಘನಾಶಿನಿ ನದಿ ಸಮುದ್ರ ಸೇರುವ ತದಡಿಯಲ್ಲಿ ನಾನು ಒಬ್ಬ ಉಸ್ತಾದರ ಕೈಕೆಳಗೆ ಇದ್ದೆ. ಒಂದು ದಿನ ಅವರು ಬರುವ ಮೊದಲೇ ಕೆಲಸ ಮುಗಿಸಿ ಶಹಬ್ಬಾಸ್ ಎನಿಸಿಕೊಳ್ಳಬೇಕೆಂದು ನೀರಿಗೆ ಇಳಿದೆ. ಸ್ಪ್ಲಿಟ್ ಪಿನ್ ತೆಗೆದೆ, ನಟ್ಟನ್ನು ಪೂರ್ತಿ ಬಿಚ್ಚಿ ಮೇಲಕ್ಕೆ ಕೊಟ್ಟೆ, ಪುಲ್ಲರ್ ಹಾಕಿ ಬಿಗಿದೆ. ಫ್ಯಾನ್ ಅಲುಗಲಿಲ್ಲ. ಇನ್ನಷ್ಟು ಬಿಗಿದೆ. ಶಾಫ್ಟಿನ ತುದಿ ಮೊನಚಾಗಿ ಇಳಿಜಾರಾಗಿರುತ್ತದೆ, ಅದರ ಮೇಲೆ ಫ್ಯಾನ್ ವರ್ಷಗಟ್ಟಲೆ ಒತ್ತಿ ಕೂತಿರುತ್ತದೆ. ಬಿಡುವಾಗ ಮೆಲ್ಲಗೆ ಬಿಡುವುದಿಲ್ಲ, ಸಿಡಿದೇ ಬಿಡುತ್ತದೆ. ಹಾಗೆಯೇ ಸಿಡಿದು ನನ್ನ ಮೊಣಕಾಲಿಗೆ ತಾಗಿ ಕೆಸರಿಗೆ ಹೋಯಿತು. ಎರಡು ಇಳಿತ ಕಾದು, ನಾಲ್ಕು ಜನ ಕೈಯಾಡಿಸಿದ ಮೇಲೆ ಸಿಕ್ಕಿತು. ಉಸ್ತಾದರು ಬೈಯಲಿಲ್ಲ. ‘ಬೇಟಾ, ಹಗ್ಗ ಎಲ್ಲಿ?’ ಎಂದು ಮಾತ್ರ ಕೇಳಿದರು.

ಒಂಟೆಯನ್ನು ಮೊದಲು ಕಟ್ಟಿ, ಆಮೇಲೆ ಅಲ್ಲಾಹನ ಮೇಲೆ ಭರವಸೆ ಇಡಬೇಕೆಂಬ ಉಪದೇಶವನ್ನು ನೀವೆಲ್ಲರೂ ಮದರಸದಲ್ಲಿ ಕೇಳಿದ್ದೀರಿ. ನಾನೂ ಕೇಳಿದ್ದೆ. ಅದರ ಅರ್ಥ ತಿಳಿದದ್ದು ಆ ಕೆಸರಿನಲ್ಲಿ. ಮೊದಲು ಫ್ಯಾನಿನ ಎರಡು ರೆಕ್ಕೆಗಳಿಗೆ ಹಗ್ಗ ಕಟ್ಟಿ ಮೇಲೆ ದೋಣಿಗೆ ಬಿಗಿಯಬೇಕು. ನಟ್ಟನ್ನು ಸಡಿಲಿಸಬೇಕೇ ಹೊರತು ಪೂರ್ತಿ ತೆಗೆಯಬಾರದು. ಕೆಲವು ಸುತ್ತು ಉಳಿಸಿದರೆ, ಸಿಡಿದ ಫ್ಯಾನ್ ಆ ನಟ್ಟಿಗೆ ಬಂದು ನಿಲ್ಲುತ್ತದೆ. ಸ್ಪ್ಯಾನರ್, ಸುತ್ತಿಗೆ, ಎಲ್ಲಕ್ಕೂ ದಾರ ಇರಬೇಕು.

ಇದಕ್ಕಿಂತ ದೊಡ್ಡ ಮಾತು ಇಂಜಿನ್ ಚಾವಿಯದು. ನಾನು ಹೇಳುವುದರಲ್ಲಿ ಉಳಿದದ್ದೆಲ್ಲ ಮರೆತರೂ ಇದನ್ನು ಮರೆಯಬೇಡಿ. ಒಬ್ಬ ಕೆಳಗೆ ಫ್ಯಾನ್ ಹಿಡಿದಿರುವಾಗ ಮೇಲೆ ಹೊಸ ಹುಡುಗನೊಬ್ಬ, ಬ್ಯಾಟರಿ ಇಳಿದಿದೆ ಚಾರ್ಜ್ ಆಗಲಿ ಎಂದು ಒಳ್ಳೆಯ ಮನಸ್ಸಿನಿಂದಲೇ ಸೆಲ್ಫ್ ಒತ್ತಿದ್ದನ್ನು ನಾನು ಕಂಡಿದ್ದೇನೆ. ಗೇರ್ ನ್ಯೂಟ್ರಲ್‌ನಲ್ಲಿತ್ತು. ಆದರೂ ಹಳೆಯ ಗೇರ್ ಬಾಕ್ಸುಗಳಲ್ಲಿ ನ್ಯೂಟ್ರಲ್ ಇದ್ದಾಗಲೂ ಶಾಫ್ಟು ಮೆಲ್ಲಗೆ ತಿರುಗುವುದುಂಟು. ತಿರುಗಿತು. ಕೆಳಗಿದ್ದವನು ಕೈ ಎಳೆದುಕೊಂಡಿದ್ದರಿಂದ ಬೆರಳು ಉಳಿದವು. ಅಂದಿನಿಂದ ನಮ್ಮ ಉಸ್ತಾದರು ಬ್ಯಾಟರಿಯ ವಯರು ಕಳಚಿ, ಗೇರ್ ಹಿಡಿಕೆಯನ್ನು ಹಗ್ಗದಿಂದ ಕಟ್ಟಿ, ಚಾವಿಯನ್ನು ತಾಯಿತದ ದಾರಕ್ಕೆ ಪೋಣಿಸಿ ನೀರಿಗಿಳಿಯುವವನ ಕೊರಳಿಗೇ ಹಾಕುತ್ತಿದ್ದರು. ಅವನು ಮೇಲೆ ಬರದೆ ಇಂಜಿನ್ ಶುರುವಾಗಬಾರದು. ಪಕ್ಕದ ದೋಣಿಗಳಿಗೂ ಹೇಳಿರಬೇಕು. ಕೆಳಗೆ ಮುಳುಗುಗಾರ ಇದ್ದಾನೆಂದು ತಿಳಿಸಲು ಬಿಳಿ-ನೀಲಿ ಬಣ್ಣದ ಅಂತರರಾಷ್ಟ್ರೀಯ ಬಾವುಟವೇ ಒಂದಿದೆ.

ವಿಜ್ಞಾನದ ವಿದ್ಯಾರ್ಥಿಗಳು ಈಗ ಸ್ವಲ್ಪ ಕಿವಿಗೊಡಿ. ಕಂಚಿನ ಫ್ಯಾನ್ 40 ಕಿಲೊ ತೂಗುತ್ತದೆ ಎನ್ನೋಣ. ನೀರಿನಲ್ಲಿ ಅದು ಎಷ್ಟು ಹಗುರಾದೀತು? ಕಂಚು ನೀರಿಗಿಂತ ಸುಮಾರು ಎಂಟು ಪಟ್ಟು ಭಾರ. ಆರ್ಕಿಮಿಡೀಸನ ಲೆಕ್ಕದಲ್ಲಿ ಐದು ಕಿಲೊ ಮಾತ್ರ ಇಳಿದು 35 ಕಿಲೊ ಉಳಿಯುತ್ತದೆ. ನೀರು ಎತ್ತಿಕೊಡುತ್ತದೆ ಎಂದು ನಂಬಿದವನ ಸೊಂಟ ಹಿಡಿಯುತ್ತದೆ. ಆದರೆ ಅವನ ದೇಹದ ತೂಕ ಹೆಚ್ಚುಕಡಿಮೆ ಇಲ್ಲವಾಗಿರುತ್ತದೆ. ಸ್ಪ್ಯಾನರ್ ತಳ್ಳಿದರೆ ನಟ್ಟು ತಿರುಗುವುದಿಲ್ಲ, ತಳ್ಳಿದವನೇ ತಿರುಗುತ್ತಾನೆ. ನ್ಯೂಟನ್ನನ ಮೂರನೆಯ ನಿಯಮಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗ ನನಗೆ ಗೊತ್ತಿಲ್ಲ. ಅದಕ್ಕಾಗಿ ದೋಣಿಯ ಹಿಂಭಾಗದಿಂದ ಒಂದು ಹಲಗೆ ಇಳಿಬಿಟ್ಟು ಕಾಲಿಗೆ ಆಧಾರ ಮಾಡಿಕೊಳ್ಳಬೇಕು. ಫ್ಯಾನ್ ತಿರುಗದಂತೆ ರೆಕ್ಕೆಗೂ ದೋಣಿಗೂ ನಡುವೆ ಮರದ ತುಂಡು ಸಿಗಿಸಬೇಕು. ಸ್ಪ್ಯಾನರಿನ ತುದಿಗೆ ಹಗ್ಗ ಕಟ್ಟಿ ಮೇಲಿನಿಂದ ಇಬ್ಬರು ಎಳೆದರೆ ಇನ್ನೂ ಒಳ್ಳೆಯದು. ಸುತ್ತಿಗೆ ಬೀಸಿದರೂ ನೀರು ಅದರ ವೇಗವನ್ನು ನುಂಗುತ್ತದೆ. ನೆಲದ ಮೇಲಾದರೆ ಫ್ಯಾನಿನ ನಡುಭಾಗಕ್ಕೆ ಬೆಂಕಿ ತೋರಿಸಿ ಹಿಗ್ಗಿಸಬಹುದು. ಇಲ್ಲಿ ಅದೂ ಇಲ್ಲ. ಪುಲ್ಲರ್ ಮತ್ತು ತಾಳ್ಮೆ, ಎರಡೇ.

ನೀರಿನೊಳಗಿನ ಕೆಲಸವನ್ನು ಕಡಿಮೆ ಮಾಡಲು ಇನ್ನೊಂದು ಉಪಾಯವಿದೆ. ಹಿಂಭಾಗದಲ್ಲಿರುವ ಬಲೆ, ನೀರಿನ ಡ್ರಮ್ಮು, ಐಸಿನ ಪೆಟ್ಟಿಗೆ, ಲಂಗರು ಎಲ್ಲವನ್ನೂ ಮುಂದಕ್ಕೆ ಸಾಗಿಸಿ, ಜನರನ್ನೂ ಮುಂದೆ ಕೂರಿಸುವುದು. ಮಕ್ಕಳು ಆಡುವ ಏತದ ಹಲಗೆಯಂತೆ ಮೂತಿ ತಗ್ಗಿ ಹಿಂಭಾಗ ಏಳುತ್ತದೆ. ಸಣ್ಣ ದೋಣಿಯಾದರೆ ಶಾಫ್ಟಿನ ತುದಿ ನೀರಿನ ಮಟ್ಟದ ಹತ್ತಿರಕ್ಕೇ ಬರುತ್ತದೆ. ದೊಡ್ಡ ಹಡಗುಗಳಲ್ಲೂ ಇದೇ ಉಪಾಯ, ಅಲ್ಲಿ ಡ್ರಮ್ಮಿನ ಬದಲು ಮುಂಭಾಗದ ಟ್ಯಾಂಕುಗಳಿಗೆ ಸಮುದ್ರದ ನೀರನ್ನೇ ತುಂಬಿಸುತ್ತಾರೆ. ಇಂಗ್ಲೆಂಡಿನಲ್ಲಿ 1860ರಲ್ಲಿ ನೀರಿಗಿಳಿದ ‘ವಾರಿಯರ್’ ಎಂಬ ಯುದ್ಧನೌಕೆಯಲ್ಲಂತೂ, ಹಾಯಿಯಲ್ಲಿ ಹೋಗುವಾಗ ಅಡ್ಡಿಯಾಗಬಾರದೆಂದು ಫ್ಯಾನನ್ನೇ ಬಾವಿಯ ಕೊಡದಂತೆ ಮೇಲಕ್ಕೆ ಎಳೆದುಕೊಳ್ಳುವ ವ್ಯವಸ್ಥೆಯಿತ್ತು. ಅದರ ತೂಕ ಇಪ್ಪತ್ತು ಟನ್ನಿಗೂ ಮಿಗಿಲು, ಎಳೆಯಲು ನೂರಾರು ನಾವಿಕರು ಬೇಕು! ಆ ಹಡಗನ್ನು ಇಂದಿಗೂ ಪೋರ್ಟ್ಸ್‌ಮತ್‌ನಲ್ಲಿ ಉಳಿಸಿಕೊಂಡಿದ್ದಾರೆ.

ನಮ್ಮ ಉಸ್ತಾದರಿಗೆ ವಾರಿಯರ್ ಗೊತ್ತಿರಲಿಲ್ಲ, ನ್ಯೂಟನ್ನನ ಹೆಸರೂ ಗೊತ್ತಿರಲಿಲ್ಲ. ಎಲ್ಲವೂ ಕೈಗೆ ಗೊತ್ತಿತ್ತು. ಮಳೆಗಾಲದ ನೀರಿನಲ್ಲಿ ಕಣ್ಣಿಗೆ ಏನೂ ಕಾಣುವುದಿಲ್ಲವೆಂದು ಅವರು ನಮ್ಮ ಕಣ್ಣಿಗೆ ಬಟ್ಟೆ ಕಟ್ಟಿ, ದಡದ ಮೇಲೆ ನಟ್ಟು ಪಿನ್ನುಗಳನ್ನು ಹಾಕಿ ತೆಗೆಯುವುದನ್ನು ಅಭ್ಯಾಸ ಮಾಡಿಸುತ್ತಿದ್ದರು. ಯಾಕೆ ಎಂದು ಕೇಳಿದರೆ ‘ಐಸಾಯಿಚ್ ಕರ್‌ನಾ’ ಎನ್ನುತ್ತಿದ್ದರು. ಅವರು ತೀರಿಕೊಂಡಾಗ ಒಂದು ಪುಟವೂ ಉಳಿಯಲಿಲ್ಲ. ಎಂಟು ನೂರು ವರ್ಷಗಳ ಹಿಂದೆ, 1206ರಲ್ಲಿ, ಅಲ್-ಜಝರಿ ಎಂಬ ಯಂತ್ರತಜ್ಞರು ತಾವು ಮಾಡಿದ ಯಂತ್ರಗಳ ಗ್ರಂಥ ಮುಗಿಸಿದರು. ಬರೀ ವರ್ಣನೆಯಲ್ಲ, ಯಾವ ಭಾಗ ಹೇಗೆ ಮಾಡಬೇಕು, ಹೇಗೆ ಜೋಡಿಸಬೇಕು ಎಂಬುದನ್ನು ಚಿತ್ರಸಹಿತ ಬರೆದರು. ಅದರಿಂದಲೇ ಇಂದಿನವರು ಅವರ ಯಂತ್ರಗಳನ್ನು ಮತ್ತೆ ಕಟ್ಟಿ ನೋಡಲು ಸಾಧ್ಯವಾಯಿತು. ನಿಮ್ಮಲ್ಲಿ ಎಷ್ಟೋ ಜನರ ಅಬ್ಬಾ, ಚಾಚಾ ಗ್ಯಾರೇಜಿನಲ್ಲಿದ್ದಾರೆ, ಲೇತ್ ಮೇಲಿದ್ದಾರೆ, ಕೆಲವರ ಅಜ್ಜಂದಿರು ನಮ್ಮ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದವರು. ರಜೆಯಲ್ಲಿ ಅವರ ಪಕ್ಕದಲ್ಲಿ ಒಂದು ನೋಟುಬುಕ್ಕು ಹಿಡಿದು ಕೂತವರು ಎಷ್ಟು ಜನ? ಕೈ ಎತ್ತಿ ಎಂದು ಕೇಳುವುದಿಲ್ಲ. ನಾನೇ ಕೂತಿರಲಿಲ್ಲ.

ಹೊಸ ಫ್ಯಾನ್ ಕೂರಿಸುವ ವಿಷಯಕ್ಕೆ ಬರುತ್ತೇನೆ. ವ್ಯಾಸ ಸರಿಯಿದ್ದರೆ ಸಾಲದು. ಒಂದು ಸುತ್ತಿಗೆ ಎಷ್ಟು ಮುಂದೆ ಸಾಗಬೇಕೆಂಬ ಲೆಕ್ಕಕ್ಕೆ ಪಿಚ್ ಎನ್ನುತ್ತಾರೆ, ಅದು ಹೊಂದಬೇಕು. ಪಿಚ್ ಹೆಚ್ಚಾದರೆ ಇಂಜಿನ್ ತನ್ನ ವೇಗಕ್ಕೆ ಏರಲಾರದೆ ಕಪ್ಪು ಹೊಗೆ ಬಿಡುತ್ತದೆ. ಬಲಕ್ಕೆ ತಿರುಗುವುದೋ ಎಡಕ್ಕೋ ಎಂದೂ ನೋಡಬೇಕು. ಎಡದ್ದನ್ನು ಬಲದ ಜಾಗಕ್ಕೆ ಹಾಕಿದರೆ ಮುಂದಿನ ಗೇರಿನಲ್ಲಿ ದೋಣಿ ಹಿಂದಕ್ಕೆ ಹೋಗುತ್ತದೆ, ಬಂದರೆಲ್ಲ ನಗುತ್ತದೆ.

ಶಾಫ್ಟಿಗೂ ಫ್ಯಾನಿಗೂ ನಡುವೆ ‘ಕೀ’ ಎಂಬ ಉಕ್ಕಿನ ಸಣ್ಣ ತುಂಡು ಕೂರುತ್ತದೆ. ಅದು ಸ್ವಲ್ಪ ಎತ್ತರವಾಗಿದ್ದರೂ ಫ್ಯಾನ್ ಆ ತುಂಡಿನ ಮೇಲೆಯೇ ಕೂತುಬಿಡುತ್ತದೆ, ಶಾಫ್ಟಿನ ಇಳಿಜಾರಿಗೆ ಅಂಟುವುದಿಲ್ಲ. ಮೇಲಿನಿಂದ ಬಿಗಿಯಾದಂತೆ ಕಂಡು ಎಂಟು ದಿನದಲ್ಲಿ ಶಾಫ್ಟನ್ನೇ ತಿನ್ನುತ್ತದೆ. ಇದನ್ನು ಪರೀಕ್ಷಿಸಲು ಮೊದಲು ಕೀ ಇಲ್ಲದೆ ಫ್ಯಾನ್ ತಳ್ಳಿ, ಎಲ್ಲಿಯವರೆಗೆ ಹೋಯಿತೋ ಅಲ್ಲಿ ಶಾಫ್ಟಿನ ಮೇಲೆ ಗೆರೆ ಹಾಕಬೇಕು. ಆಮೇಲೆ ಕೀ ಇಟ್ಟು ತಳ್ಳಿದಾಗಲೂ ಅದೇ ಗೆರೆಗೆ ಬರಬೇಕು. ಬಾರದಿದ್ದರೆ ಹೊರತೆಗೆದು ಕೀಯನ್ನು ಅರದಿಂದ ಉಜ್ಜಬೇಕು. ಕೆಳಗಿದ್ದವನಿಗೆ ಚಳಿ ಹಿಡಿದಿರುತ್ತದೆ, ಚಿಪ್ಪುಗಳಿಂದ ಕೈ ಕೊಯ್ದಿರುತ್ತದೆ, ಮೇಲಿನಿಂದ ಮಾಲೀಕ ಆಯಿತೇ ಎಂದು ಕೂಗುತ್ತಿರುತ್ತಾನೆ. ಆಯಿತು ಎಂದುಬಿಡಲು ಮನಸ್ಸಾಗುವುದು ಆಗಲೇ.

ಹಿಂದೆ ಸಿಗಿಸುವ ಔಟ್‌ಬೋರ್ಡ್ ಇಂಜಿನ್ನಿನ ದೋಣಿಗಳಿಗೆ ಇಷ್ಟೆಲ್ಲ ಕಷ್ಟವಿಲ್ಲ. ಇಂಜಿನ್ನನ್ನು ಓರೆಮಾಡಿದರೆ ಫ್ಯಾನ್ ನೀರಿನಿಂದ ಮೇಲೆ ಬರುತ್ತದೆ. ಕೆಳಗೆ ಒಂದು ಬಟ್ಟೆ ಹಿಡಿದರೆ ನಟ್ಟು ನೀರಿಗೆ ಬೀಳುವುದಿಲ್ಲ.

ಕೊನೆಗೆ ನಟ್ಟು ಬಿಗಿದು, ಹೊಸ ಸ್ಪ್ಲಿಟ್ ಪಿನ್ ಹಾಕಿ ಅದರ ಕಾಲು ಬಾಗಿಸಿ, ಮರದ ತುಂಡು, ಹಗ್ಗ, ಹಲಗೆ ಎಲ್ಲವನ್ನೂ ಎಣಿಸಿ ಮೇಲೆ ತೆಗೆದುಕೊಳ್ಳಬೇಕು. ಕೊರಳಿನ ಚಾವಿ ಆಮೇಲೆ. ಇಂಜಿನ್ ಶುರು ಮಾಡಿದ ಮೇಲೆ ಒಬ್ಬ ಒಳಗೆ ಶಾಫ್ಟಿನ ಪ್ಯಾಕಿಂಗ್ ಹತ್ತಿರ ಕೂತು ನೋಡಬೇಕು. ದೋಣಿ ಓಡುವಾಗ ಅಲ್ಲಿ ನಿಮಿಷಕ್ಕೆ ಕೆಲವು ಹನಿ ತೊಟ್ಟಿಕ್ಕುವುದು ಒಳ್ಳೆಯದೇ, ಧಾರೆಯಾಗಬಾರದು. ಒಂದು ದಿನ ಓಡಿದ ಮೇಲೆ ಮತ್ತೆ ನೀರಿಗಿಳಿದು ನಟ್ಟನ್ನು ಇನ್ನೊಮ್ಮೆ ನೋಡಬೇಕು. ನಮ್ಮ ಉಸ್ತಾದರು ಕೂಲಿಯ ಅರ್ಧವನ್ನು ಆ ಎರಡನೆಯ ಮುಳುಗು ಆದ ಮೇಲೆಯೇ ತೆಗೆದುಕೊಳ್ಳುತ್ತಿದ್ದರು. ಖುದಾ ಹಾಫಿಜ್.