ಉಬ್ಬರದ ವೇಳೆ ಹಕ್ಕಿ ಎಲ್ಲಿ ಕೂರಬೇಕು?



ವನ್ಯಜೀವಿ ಎಂದೊಡನೆ ನಮಗೆ ಬಂಡೀಪುರ, ನಾಗರಹೊಳೆ ನೆನಪಾಗುತ್ತವೆ. ಆದರೆ ನಮ್ಮ ಕರ್ಮಭೂಮಿಯಲ್ಲೇ, ದಿನವೂ ನಾವು ದಾಟುವ ಠಾಣೆ ಖಾಡಿಯಲ್ಲೇ ಒಂದು ಅಭಯಾರಣ್ಯವಿದೆ. ಖಾಡಿಯ ಸುಮಾರು 17 ಚದರ ಕಿಲೋಮೀಟರ್ ಭಾಗವನ್ನು ಮಹಾರಾಷ್ಟ್ರ ಸರಕಾರ 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯವೆಂದು ಘೋಷಿಸಿತು. 2022ರಲ್ಲಿ ರಾಮ್ಸಾರ್ ತಾಣವೆಂಬ ಅಂತಾರಾಷ್ಟ್ರೀಯ ಮಾನ್ಯತೆಯೂ ದೊರೆಯಿತು. ಚಳಿಗಾಲಕ್ಕೆ ಬರುವ ಸಾವಿರಾರು ಫ್ಲೆಮಿಂಗೊಗಳು ಮಳೆಗಾಲದ ಹೊತ್ತಿಗೆ ಗುಜರಾತಿನ ಕಡೆಗೆ ಮರಳುತ್ತವೆ.

ಅಭಯಾರಣ್ಯವಾಯಿತಲ್ಲ, ಇನ್ನೇನು ಚಿಂತೆ ಎನ್ನಬಹುದು. ಈ ಹಕ್ಕಿಗಳ ದಿನಚರಿ ನೋಡಿದರೆ ಚಿಂತೆ ಏನೆಂದು ತಿಳಿಯುತ್ತದೆ. ಇಳಿತದ ವೇಳೆ ಖಾಡಿಯ ಕೆಸರು ತೆರೆದುಕೊಳ್ಳುತ್ತದೆ. ಅಲ್ಲಿ ಅವು ಮೇಯುತ್ತವೆ. ಉಬ್ಬರ ಬಂದಾಗ ಆ ಕೆಸರು ಮುಳುಗುತ್ತದೆ, ಕಾಲೂರಲು ಜಾಗವಿರುವುದಿಲ್ಲ. ಆಗ ಅವು ಹಾರಿ ನೆರೂಳ್, ಸೀವುಡ್ಸ್‌ನ ಆಳವಿಲ್ಲದ ಕೆರೆಗಳಲ್ಲಿ ವಿಶ್ರಮಿಸುತ್ತವೆ. ಡೊಂಬಿವಲಿಯಲ್ಲಿ ಮನೆ, ಐರೋಲಿಯಲ್ಲಿ ಕಚೇರಿ ಇರುವ ನಮ್ಮ ಓಡಾಟದಂತೆಯೇ ಇದೂ. ಕಚೇರಿಯನ್ನಷ್ಟೇ ಉಳಿಸಿ ಮನೆ ಕೆಡವಿದರೆ ಹೇಗೆ? ಈ ಕೆರೆಗಳು ಅಭಯಾರಣ್ಯದ ಗಡಿಯ ಹೊರಗೆ, ನಮ್ಮ ಸೊಸೈಟಿಗಳ ಪಕ್ಕದಲ್ಲಿವೆ.

ಸೀವುಡ್ಸ್‌ನಲ್ಲಿ 30 ಎಕರೆಯ ಡಿಪಿಎಸ್ ಕೆರೆಯಿದೆ. ಖಾಡಿಯ ನೀರು ಒಳಬರುವ ದಾರಿಗಳು ಮುಚ್ಚಿಹೋಗಿ ಅದು ಒಣಗತೊಡಗಿತು. 2024ರಲ್ಲಿ ಆ ಪರಿಸರದಲ್ಲಿ ಹಲವು ಫ್ಲೆಮಿಂಗೊಗಳು ಸತ್ತವು. ನಾಗರಿಕರು ದೂರು, ಮನವಿ, ಮಾನವ ಸರಪಳಿ ಎನ್ನುತ್ತ ಪಟ್ಟು ಬಿಡಲಿಲ್ಲ. ಕೊನೆಗೆ 2025ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಈ ಕೆರೆಯನ್ನು ಸಂರಕ್ಷಿತ ಮೀಸಲು ಪ್ರದೇಶವಾಗಿಸಲು ಒಪ್ಪಿತು. ಆದರೆ ಕಾಗದದ ಮೇಲಿನ ಒಪ್ಪಿಗೆಯಿಂದ ಕೆರೆ ತುಂಬುವುದಿಲ್ಲ. ಉಬ್ಬರದ ನೀರು ಒಳಬರುವ ದಾರಿ ಸದಾ ತೆರೆದಿರಬೇಕು.

ನಾವೇನು ಮಾಡಬಹುದು? ನಿಮ್ಮ ಸೊಸೈಟಿಯ ಹತ್ತಿರ ಕೆರೆಗೋ ಕಾಂಡ್ಲಾ ಕಾಡಿಗೋ ಮಣ್ಣು, ಕಟ್ಟಡದ ರಾಡಿ ಸುರಿಯುವುದು ಕಂಡರೆ ಫೋಟೊ, ಸ್ಥಳ, ದಿನಾಂಕ ಸಹಿತ ದೂರು ಕೊಡಿ. ಬಾಂಬೆ ಹೈಕೋರ್ಟಿನ ಆದೇಶದಂತೆ ಕೊಂಕಣ ವಿಭಾಗದಲ್ಲಿ ಇಂಥ ದೂರುಗಳಿಗೆಂದೇ ಸಮಿತಿ ರಚನೆಯಾಗಿದೆ. ಒಬ್ಬರ ಪತ್ರಕ್ಕಿಂತ ಸೊಸೈಟಿಯ, ಸಂಘದ ಲೆಟರ್‌ಹೆಡ್‌ಗೆ ತೂಕ ಹೆಚ್ಚು. ಮಕ್ಕಳನ್ನು ಐರೋಲಿಯ ಕರಾವಳಿ ಜೀವವೈವಿಧ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ಕಣ್ಣಾರೆ ಕಂಡ ಹಕ್ಕಿಗಾಗಿ ಅವರು ನಾಳೆ ದನಿ ಎತ್ತಿಯಾರು.

ನಮ್ಮ ಮಹಿಳಾ ವಿಭಾಗ ಈ ವರ್ಷ ಒಂದೇ ಒಂದು ಕೆರೆಯ ಮೇಲೆ ಕಣ್ಣಿಟ್ಟರೂ ಸಾಕು, ಅದು ದೊಡ್ಡ ಕೆಲಸ.