ಮೊದಲು ಬಂದದ್ದು ಕೂಲಿಯೋ, ಚಟವೋ?



ಮಾತು ಶುರು ಮಾಡುವ ಮೊದಲು ಈ ವಿಚಾರ ಸಂಕಿರಣದ ಸಂಘಟಕರ ಅನುಮತಿ ಪಡೆದು ಒಂದು ವಿನಂತಿ. ಆಶಾ ಕಾರ್ಯಕರ್ತೆಯರೆಲ್ಲ ಹಿಂದಿನ ಗೋಡೆಗೆ ಒರಗಿ ಕುಳಿತಿದ್ದೀರಿ. ಮುಂದೆ ಎರಡು ಸಾಲು ಖಾಲಿ ಇವೆ. ದಯವಿಟ್ಟು ಬನ್ನಿ. ಇವತ್ತು ನಾವು ಯಾವ ಮಕ್ಕಳ ಬಗ್ಗೆ ಮಾತಾಡಲು ಸೇರಿದ್ದೇವೋ ಅವರ ಮನೆಯ ಬಾಗಿಲು ಗೊತ್ತಿರುವವರು ನೀವು. ಬನ್ನಿ ತಾಯಿ, ಇಲ್ಲೇ ಕುಳಿತುಕೊಳ್ಳಿ.

ಕೋವಿಡ್ ಮಹಾಮಾರಿಯ ಕಾಲದಲ್ಲಿ ಎಳೆಹರೆಯದವರ ಮಾದಕ ವ್ಯಸನ ಎಂಬ ವಿಷಯ ಕೊಟ್ಟಿದ್ದೀರಿ. ಎಳೆಹರೆಯ ಎಂದರೆ ಹತ್ತರಿಂದ ಹದಿನಾಲ್ಕು ವರ್ಷ. ಐದನೇ ತರಗತಿಯಿಂದ ಒಂಬತ್ತರವರೆಗಿನ ಮಕ್ಕಳು. ಮಾದಕ ವ್ಯಸನ ಎಂದ ಕೂಡಲೇ ನಮ್ಮ ಮನಸ್ಸು ಬೆಂಗಳೂರಿಗೆ ಓಡುತ್ತದೆ. 2020ರ ಸೆಪ್ಟೆಂಬರಿನಲ್ಲಿ ಕನ್ನಡದ ಸುದ್ದಿವಾಹಿನಿಗಳು ಹಗಲೂ ರಾತ್ರಿ ಚಿತ್ರರಂಗದ ಡ್ರಗ್ಸ್ ಪ್ರಕರಣವನ್ನೇ ತೋರಿಸಿದವು. ಅದೇ ತಿಂಗಳು ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳ ಹೊಲಗಳಲ್ಲಿ, ಶಾಲೆಯಲ್ಲಿ ಇರಬೇಕಾಗಿದ್ದ ಮಕ್ಕಳು ಬಾಯಲ್ಲಿ ಗುಟಕಾ ಇಟ್ಟುಕೊಂಡು ಕಳೆ ತೆಗೆಯುತ್ತಿದ್ದರು. ಅವರ ಮುಂದೆ ಯಾವ ಕ್ಯಾಮೆರಾವೂ ಇರಲಿಲ್ಲ. ನಮ್ಮ ಮಕ್ಕಳ ಮಾದಕ ವಸ್ತು ಗುಟಕಾ, ತಂಬಾಕು, ಬೀಡಿ, ತೆಲಂಗಾಣದ ಗಡಿಯಂಚಿಗೆ ಸೇಂದಿ. ಐದು ಹತ್ತು ರೂಪಾಯಿಗೆ ಓಣಿಯಲ್ಲೇ ಸಿಗುವಂಥದ್ದು.

ಆ ವರ್ಷದ ಡಿಸೆಂಬರಿನಲ್ಲಿ ಸುರಪುರ ತಾಲ್ಲೂಕಿನ ಒಂದು ಹತ್ತಿ ಹೊಲದಲ್ಲಿ ನಾನು ಕಂಡ ಹುಡುಗನ ಸಂಗತಿ ಹೇಳುತ್ತೇನೆ. ವಯಸ್ಸು ಹನ್ನೆರಡು. ಹೆಸರು ಏಳನೇ ತರಗತಿಯ ಹಾಜರಿ ಪುಸ್ತಕದಲ್ಲಿತ್ತು. ಸೊಂಟಕ್ಕೆ ಕಟ್ಟಿದ ಸೀರೆಯ ಜೋಳಿಗೆಯಲ್ಲಿ ಅರ್ಧ ಹತ್ತಿ ತುಂಬಿತ್ತು. ಮಧ್ಯಾಹ್ನ ಒಂದು ಗಂಟೆ. ಜೇಬಿನಿಂದ ಎರಡು ಚೀಟಿ ತೆಗೆದ. ಒಂದರಲ್ಲಿ ಪಾನ್ ಮಸಾಲಾ, ಇನ್ನೊಂದರಲ್ಲಿ ತಂಬಾಕು. ನಮ್ಮ ರಾಜ್ಯದಲ್ಲಿ ಗುಟಕಾ ನಿಷೇಧವಾದದ್ದು 2013ರಲ್ಲಿ. ಅಂದಿನಿಂದ ಒಂದು ಚೀಟಿ ಎರಡಾಗಿದೆ. ಹುಡುಗ ಮೊದಲ ಚೀಟಿಯನ್ನು ಹಲ್ಲಿನಿಂದ ಹರಿದ, ಎರಡನೆಯದನ್ನು ಅದರೊಳಗೇ ಸುರಿದ, ಬಾಯಿ ಮುಚ್ಚಿ ಹಿಡಿದು ಅಲ್ಲಾಡಿಸಿದ, ತಲೆ ಹಿಂದಕ್ಕೆ ಚೆಲ್ಲಿ ಬಾಯಿಗೆ ಹಾಕಿಕೊಂಡ. ಹತ್ತಿಯ ತೊಳೆ ತಾಗಿ ಗೀರಿದ್ದ ಬೆರಳುಗಳು ಅಷ್ಟು ಹೊತ್ತೂ ನಡುಗಲಿಲ್ಲ, ಒಂದು ಚೂರು ಕೆಳಗೆ ಬೀಳಲಿಲ್ಲ. ಅಷ್ಟು ಪಳಗಿತ್ತು ಆ ಕೈ.

"ಊಟ ಮಾಡಿದೇನಪಾ?" ಎಂದು ಕೇಳಿದೆ.

"ಇದು ಹಾಕ್ಕೊಂಡ್ರ ಹಸಿವಾಗಂಗಿಲ್ರೀ ಸರ," ಎಂದ.

ಯಾರು ಕಲಿಸಿದರು ಎಂದು ಕೇಳಿದೆ. ಅವನು ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ಲಾಕ್‌ಡೌನ್‌ನ್ಯಾಗ ಮುತ್ಯಾಂದು ತಂಬಾಕ ತರಲಾಕ ನನಗೇ ಕಳಸ್ತಿದ್ರು ಸರ. ಪೊಲೀಸ್ರು ದೊಡ್ಡವ್ರಿಗಿ ಹೊಡಿತಾರ, ಸಣ್ಣವ್ರಿಗಿ ಹೊಡಿಯಂಗಿಲ್ಲ."

ಅಂಗಡಿಯ ಮುಂಬಾಗಿಲು ಮುಚ್ಚಿತ್ತು, ಹಿತ್ತಲ ಬಾಗಿಲು ತೆರೆದಿತ್ತು. ಆ ಬಾಗಿಲಿಗೆ ಹೋಗುವ ಕೆಲಸ ಮನೆಯ ಸಣ್ಣ ಹುಡುಗನ ಪಾಲಿಗೆ ಬಂತು. ಒಂದು ದಿನ ತರುವಾಗ ದಾರಿಯಲ್ಲಿ ರುಚಿ ನೋಡಿದ. ಇದು ಅವನು ಹೇಳಿದ ಕಥೆ. ಆದರೆ ಅದೇ ಹೊಲದಲ್ಲಿದ್ದ ಅವನ ಅಕ್ಕ ಬೇರೆ ಹೇಳಿದಳು. ಅವನು ಹೊಲಕ್ಕೆ ಬಂದ ಮೇಲೆ, ಜೊತೆಗಿದ್ದ ದೊಡ್ಡವರು ಕೊಟ್ಟು ಕಲಿಸಿದರು ಎಂದಳು. ಒಂದೇ ಮನೆಯ ಇಬ್ಬರು ಮಕ್ಕಳು, ಒಂದೇ ಚಟಕ್ಕೆ ಎರಡು ಹುಟ್ಟು. ಅಂದು ನನ್ನೊಳಗೆ ಎದ್ದ ಪ್ರಶ್ನೆ ಇವತ್ತಿಗೂ ಬಿಟ್ಟಿಲ್ಲ. ಮೊದಲು ಬಂದದ್ದು ಕೂಲಿಯೋ, ಚಟವೋ?

ಈ ಕ್ಷೇತ್ರದಲ್ಲಿ ಏನೇನು ಬರವಣಿಗೆ ಆಗಿದೆ ಎಂದು ವಿವರಿಸುವ ಹೊಣೆ ನನ್ನದಲ್ಲ. ನಿಮ್ಹಾನ್ಸ್‌ನಿಂದ ಬಂದಿರುವ ಗೆಳೆಯರು ಚಿಕಿತ್ಸೆಯ ವಿಷಯವನ್ನು ಮಧ್ಯಾಹ್ನ ಹೇಳುತ್ತಾರೆ, ನನಗಿಂತ ಚೆನ್ನಾಗಿ ಹೇಳುತ್ತಾರೆ. ಸಮಾಜಕಾರ್ಯ ವಿಭಾಗದ ಪ್ರಾಧ್ಯಾಪಕಿಯವರು ಗುಳೆ ಹೋಗುವ ಕುಟುಂಬಗಳ ನಡುವೆ ವರ್ಷಗಟ್ಟಲೆ ಓಡಾಡಿದವರು. ಅವರ ಪ್ರಬಂಧ ಓದಿ ನಾನು ಕಲಿತಿದ್ದೇನೆ. ಏಮ್ಸ್ ನಡೆಸಿದ, 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಒಂದು ಮಾತನ್ನು ಮಾತ್ರ ನೆನಪಿಸುತ್ತೇನೆ. ಮೂಸುವ ಅಮಲು, ಅಂದರೆ ಪಂಕ್ಚರ್ ಸಲ್ಯೂಷನ್, ವೈಟ್ನರ್‌ನಂಥವು, ದೊಡ್ಡವರಲ್ಲಿ 0.58 ಶೇಕಡಾ ಇದ್ದರೆ 10ರಿಂದ 17 ವರ್ಷದವರಲ್ಲಿ 1.17. ದೊಡ್ಡವರಿಗಿಂತ ಮಕ್ಕಳಲ್ಲಿ ಹೆಚ್ಚಾಗಿ ಕಂಡ ಅಮಲು ಅದೊಂದೇ. ಮಕ್ಕಳ ಚಟಕ್ಕೆ ದೊಡ್ಡವರದಕ್ಕಿಂತ ಬೇರೆಯದೇ ದಾರಿ ಇದೆ ಎನ್ನಲು ಇಷ್ಟು ಸಾಕು.

ಈಗ ನನ್ನ ತಕರಾರಿಗೆ ಬರುತ್ತೇನೆ. ಮೂವತ್ತು ವರ್ಷದಿಂದ ಹೇಳುತ್ತ ಬಂದದ್ದು. ನಾವು ಚಟವನ್ನು ಶಾಲೆಯ ಒಳಗೆ ಎಣಿಸಿದೆವು, ಅದು ಶಾಲೆಯ ಹೊರಗೆ ಹುಟ್ಟುತ್ತಿತ್ತು.

2019ರಲ್ಲಿ ದೇಶದಾದ್ಯಂತ ನಡೆದ ಜಾಗತಿಕ ಯುವಜನ ತಂಬಾಕು ಸಮೀಕ್ಷೆ 13ರಿಂದ 15 ವರ್ಷದ ವಿದ್ಯಾರ್ಥಿಗಳನ್ನು ಕೇಳಿತು. ದೇಶದಲ್ಲಿ 8.5 ಶೇಕಡಾ ಮಕ್ಕಳು ತಂಬಾಕು ಬಳಸುತ್ತಾರೆ ಎಂದು ಬಂತು. ಕರ್ನಾಟಕದಲ್ಲಿ 1.2. ದೇಶದ ಅತಿ ಕಡಿಮೆ ಅಂಕಿಗಳಲ್ಲಿ ಒಂದು. ಆ ಸಮೀಕ್ಷೆ ಮಾಡಿದವರು ಪ್ರಾಮಾಣಿಕರು, ಅದರ ಲೆಕ್ಕ ಸರಿ ಇದೆ. ಆದರೆ ಅದು ತರಗತಿಯಲ್ಲಿ ಅಂದು ಹಾಜರಿದ್ದ ಮಕ್ಕಳ ಲೆಕ್ಕ. 2011ರ ಜನಗಣತಿಯಲ್ಲಿ ನಮ್ಮ ಯಾದಗಿರಿ ಜಿಲ್ಲೆಯ ಸಾಕ್ಷರತೆ 51.83 ಶೇಕಡಾ, ರಾಜ್ಯಕ್ಕೇ ಕಡೆ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ 50.59, ಅಲ್ಲಿಯೂ ಕಡೆ. ತೊಗರಿ ರಾಶಿ, ಹತ್ತಿ ಬಿಡಿಸುವ ಕಾಲ ಬಂತೆಂದರೆ ಅರ್ಧ ಬೆಂಚು ಖಾಲಿಯಾಗುವ ಊರುಗಳು ನಮ್ಮವು. ಖಾಲಿ ಬೆಂಚು ಪ್ರಶ್ನಾವಳಿಗೆ ಉತ್ತರ ಕೊಡುವುದಿಲ್ಲ.

ಅದೇ ಸಮೀಕ್ಷೆಯ ಇನ್ನೊಂದು ಸಾಲನ್ನು ನಾವು ಯಾರೂ ಸರಿಯಾಗಿ ಓದಲಿಲ್ಲ. ಹೊಗೆಯಿಲ್ಲದ ತಂಬಾಕು ಬಳಸಿದ ಮಕ್ಕಳಲ್ಲಿ 52 ಶೇಕಡಾ ಮಂದಿ ಹತ್ತು ತುಂಬುವ ಮೊದಲೇ ಶುರು ಮಾಡಿದ್ದರು. ನಾವು ಜಾಗೃತಿ ಭಾಷಣ ಮಾಡಲು ಹೋಗುವುದು ಹೈಸ್ಕೂಲಿಗೆ. ಕ್ಯಾನ್ಸರ್ ಪಟ ತೋರಿಸಿ, ಪ್ರತಿಜ್ಞೆ ಮಾಡಿಸಿ, ಫೋಟೊ ತೆಗೆಸಿಕೊಂಡು ಬರುತ್ತೇವೆ. ನಾನೂ ಅಂಥ ಪಟ ಹಿಡಿದು ಹೋದವನು. ಅಷ್ಟರಲ್ಲಿ ಐದು ವರ್ಷ ತಡವಾಗಿತ್ತು ಎಂದು ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು.

ಹುಡುಗಿಯರ ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ಆಯಿ ಹಲ್ಲುಜ್ಜುವ ಸುಟ್ಟ ತಂಬಾಕಿನ ಪುಡಿಯನ್ನೇ ಮೊಮ್ಮಗಳೂ ಬೆರಳಿಗೆ ತೆಗೆದುಕೊಳ್ಳುತ್ತಾಳೆ. "ನಿನಗೆ ಚಟ ಇದೆಯೇ?" ಎಂದರೆ ಇಲ್ಲ ಎನ್ನುತ್ತಾಳೆ, ನಿಜವನ್ನೇ ಹೇಳುತ್ತಾಳೆ. ಅವಳಿಗೆ ಅದು ಚಟವಲ್ಲ, ಮುಂಜಾನೆ ಮುಖ ತೊಳೆಯುವ ರೀತಿ. ನಮ್ಮ ಪ್ರಶ್ನೆಯೇ ತಪ್ಪಾಗಿತ್ತು.

ಇನ್ನು ಮಹಾಮಾರಿ. 2020ರ ಮಾರ್ಚ್ ಮಧ್ಯದಲ್ಲಿ ಶಾಲೆಗಳು ಮುಚ್ಚಿದವು. ಮೇ ತಿಂಗಳಲ್ಲಿ ಮುಂಬೈ, ಪುಣೆ ಕಡೆ ದುಡಿಯಲು ಹೋಗಿದ್ದ ನಮ್ಮ ಜನ ಸಾವಿರಾರು ಸಂಖ್ಯೆಯಲ್ಲಿ ಮರಳಿ ಬಂದರು. ಅವರನ್ನು ಇಡಲು ಜಾಗ ಎಲ್ಲಿತ್ತು? ಶಾಲೆ, ವಸತಿನಿಲಯಗಳೇ ಕ್ವಾರಂಟೈನ್ ಕೇಂದ್ರಗಳಾದವು. ಆಗಸ್ಟಿನಲ್ಲಿ ವಿದ್ಯಾಗಮ ಬಂತು, ಗುಡಿಯ ಕಟ್ಟೆ, ಮರದ ನೆರಳಲ್ಲಿ ಪಾಠ ನಡೆಯಿತು, ಅಕ್ಟೋಬರಿನಲ್ಲಿ ಅದೂ ನಿಂತಿತು. 2021ರ ಫೆಬ್ರವರಿಯಲ್ಲಿ ಬಾಗಿಲು ತೆರೆಯಿತು, ಎರಡನೇ ಅಲೆಗೆ ಮತ್ತೆ ಮುಚ್ಚಿತು. ಆರರಿಂದ ಎಂಟನೇ ತರಗತಿಯ ಮಕ್ಕಳು ಮರಳಿ ಬೆಂಚಿನ ಮೇಲೆ ಕುಳಿತದ್ದು 2021ರ ಸೆಪ್ಟೆಂಬರಿನಲ್ಲಿ. ನಡುವೆ ಸಿಕ್ಕ ಕೆಲವು ವಾರ ಬಿಟ್ಟರೆ ಹದಿನೇಳು ತಿಂಗಳು.

ಆ ಹದಿನೇಳು ತಿಂಗಳು ಬಿಸಿಯೂಟವೂ ಇರಲಿಲ್ಲ. 2002ರಲ್ಲಿ ರಾಜ್ಯದಲ್ಲಿ ಅಕ್ಷರ ದಾಸೋಹ ಎಂಬ ಬಿಸಿಯೂಟ ಯೋಜನೆ ಮೊದಲು ಶುರುವಾದದ್ದೇ ನಮ್ಮ ಭಾಗದ ಜಿಲ್ಲೆಗಳಲ್ಲಿ. ಆಗ ಯಾದಗಿರಿ ಇನ್ನೂ ಕಲಬುರಗಿಯೊಳಗಿತ್ತು. ಮಹಾಮಾರಿಯಲ್ಲಿ ಸರ್ಕಾರ ಅಕ್ಕಿ, ಬೇಳೆಯನ್ನು ಮನೆಗೆ ಕೊಟ್ಟಿತು. ಅದು ಮನೆಯ ಗಡಿಗೆಗೆ ಹೋಯಿತು, ಹೋಗಲೇಬೇಕಾದ ಕಾಲ ಅದು. ಆದರೆ ಮಧ್ಯಾಹ್ನ ಒಂದು ಗಂಟೆಗೆ ಮಗುವಿನ ತಟ್ಟೆಗೆ ಬೀಳುತ್ತಿದ್ದ ಬಿಸಿ ಅನ್ನ ನಿಂತಿತು. ನಿಕೋಟಿನ್ ಹಸಿವನ್ನು ಅಡಗಿಸುತ್ತದೆ ಎಂಬುದು ವೈದ್ಯಶಾಸ್ತ್ರಕ್ಕೆ ಗೊತ್ತಿರುವ ಸಂಗತಿ. ಆ ಹುಡುಗ ಚೀಟಿ ಹರಿದದ್ದೂ ಒಂದು ಗಂಟೆಗೇ ಎಂಬುದನ್ನು ನಾನು ಮರೆಯಲಾರೆ.

ಹಾಗಾದರೆ ಕೂಲಿಯೇ ಮೊದಲು ಎನ್ನೋಣವೇ? ಅವಸರ ಬೇಡ. ಹತ್ತರೊಳಗೆ ಶುರು ಮಾಡಿದ ಆ 52 ಶೇಕಡಾ ಮಕ್ಕಳು, ಹೊಲಕ್ಕೆ ಹೋಗುವ ಮೊದಲೇ ಮನೆಯಲ್ಲೋ ಓಣಿಯಲ್ಲೋ ಕಲಿತಿರಬಹುದು ಎಂದು ಬೆರಳು ತೋರಿಸುತ್ತಾರೆ. ನಮ್ಮ ಮೂರು ತಾಲ್ಲೂಕುಗಳೂ ಒಂದೇ ರೀತಿ ಇಲ್ಲ. ಶಹಾಪುರ, ಸುರಪುರಗಳಿಗೆ ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದಿದೆ, ಭತ್ತ, ಹತ್ತಿ, ಮೆಣಸಿನಕಾಯಿ ಬಂದಿವೆ, ಮಕ್ಕಳ ಕೈಗೆ ವರ್ಷವಿಡೀ ಕೂಲಿ ಬಂದಿದೆ. ಯಾದಗಿರಿಯ ಪೂರ್ವದ ಊರುಗಳಿಗೆ ಗಡಿ ಹತ್ತಿರ, ಸೇಂದಿ ಹತ್ತಿರ. ಸೇಂದಿಗೆ ಬೆರೆಸುವ ಸಿಎಚ್ ಪೌಡರ್, ಅಂದರೆ ಕ್ಲೋರಲ್ ಹೈಡ್ರೇಟ್, ಮಕ್ಕಳ ಮೆದುಳಿಗೆ ಏನು ಮಾಡುತ್ತದೆ ಎಂಬುದು ಇಲ್ಲಿ ಕುಳಿತ ವೈದ್ಯರಿಗೆ ಗೊತ್ತು. ಗಡಿಯ ಊರುಗಳಲ್ಲಿ ಚಟ ಮೊದಲು, ಕಾಲುವೆಯ ಊರುಗಳಲ್ಲಿ ಕೂಲಿ ಮೊದಲು ಇರಬಹುದೇ?

ಇದು ಪಂಡಿತರ ವಾದಕ್ಕೆ ಇಟ್ಟ ಪ್ರಶ್ನೆಯಲ್ಲ. ಚಟವೇ ಮೊದಲಾದರೆ ಮದ್ದು ಅಂಗಡಿಯಲ್ಲಿದೆ. ಶಾಲೆಯಿಂದ ನೂರು ಗಜದೊಳಗೆ ತಂಬಾಕು ಮಾರಬಾರದು ಎಂದು 2003ರ ಕೋಟ್ಪಾ ಕಾಯ್ದೆ ಹೇಳುತ್ತದೆ. ಮಗುವಿಗೆ ಮದ್ಯವನ್ನೋ ತಂಬಾಕನ್ನೋ ಕೊಟ್ಟವರಿಗೆ ಏಳು ವರ್ಷದವರೆಗೆ ಶಿಕ್ಷೆ ಎಂದು 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಂ ಹೇಳುತ್ತದೆ. ಕೂಲಿಯೇ ಮೊದಲಾದರೆ ಮದ್ದು ಕಾರ್ಮಿಕ ಇಲಾಖೆಯಲ್ಲಿದೆ, ಗುಳೆ ಹೋದವರ ಮಕ್ಕಳಿಗೆ ಬೇಕಾದ ಹಂಗಾಮಿ ವಸತಿನಿಲಯದಲ್ಲಿದೆ, ಬಿಸಿಯೂಟದ ತಟ್ಟೆಯಲ್ಲಿದೆ. ಯಾವುದು ಮೊದಲು ಎಂದು ತಿಳಿಯದೆ ನಾವು ಎರಡಕ್ಕೂ ಒಂದೇ ಭಾಷಣ ಮಾಡಿಕೊಂಡು ಬಂದಿದ್ದೇವೆ.

ಮಹಾಮಾರಿ ಎಲ್ಲ ಮಕ್ಕಳನ್ನೂ ಒಂದೇ ದಿನ ಶಾಲೆಯಿಂದ ಹೊರಗೆ ತಂದಿತು. ಅದೇ ಮಕ್ಕಳ ಬೆನ್ನು ಹಿಡಿದು ತಿಂಗಳು ತಿಂಗಳು ಹೋಗಿದ್ದರೆ ಉತ್ತರ ಸಿಗುತ್ತಿತ್ತು. ದೊಡ್ಡ ಸಂಸ್ಥೆಗಳು ಆ ಕೆಲಸ ಮಾಡಲಿಲ್ಲ. ಶಹಾಪುರ ತಾಲ್ಲೂಕಿನ ಒಬ್ಬ ಮುಖ್ಯ ಗುರುಗಳು ಮಾಡಿದರು. ವಿದ್ಯಾಗಮ ನಿಂತ ಮೇಲೂ ಅವರು ಸೈಕಲ್ ಮೇಲೆ ಓಣಿ ಓಣಿ ತಿರುಗಿ, ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಮಗುವಿನ ಹೆಸರಿನ ಮುಂದೆ ಒಂದೊಂದು ಪದ ಬರೆದರು. ಹತ್ತಿ. ಕುರಿ. ಪುಣೆ. ಮದುವೆ. ಬಾಯಿ ಕೆಂಪಾಗಿ ಕಂಡ ಮಗುವಿನ ಹೆಸರಿಗೆ ಕೆಂಪು ಶಾಯಿಯ ಚುಕ್ಕೆ, ಅದರ ಪಕ್ಕ ತಾರೀಖು. ನಾನು ಆ ನೋಟ್‌ಬುಕ್ಕನ್ನು ಎರಡು ಸಲ ಓದಿದ್ದೇನೆ. ಕೆಲವು ಹೆಸರುಗಳಿಗೆ ಚುಕ್ಕೆ ಮೊದಲು, ಕೆಲವಕ್ಕೆ ಹತ್ತಿ ಮೊದಲು. ಒಂದು ಶಾಲೆಯ ಮಕ್ಕಳಿಂದ ತೀರ್ಪು ಹೇಳಲು ಬರುವುದಿಲ್ಲ. ಆದರೆ ಸರಿಯಾದ ದಾರಿ ಅದೇ. ಆ ಗುರುಗಳಿಗೆ ಈ ಸಭೆಯಿಂದ ನನ್ನ ಶರಣು.

ಆದ್ದರಿಂದ ಇವತ್ತು ಸಂಜೆ ಗೊತ್ತುವಳಿ ಓದಿ ಚಪ್ಪಾಳೆ ತಟ್ಟುವ ಮೊದಲು ಒಂದು ಕೆಲಸ ಒಪ್ಪಿಕೊಳ್ಳೋಣ. ಮೂರೂ ತಾಲ್ಲೂಕುಗಳಲ್ಲಿ ಕೆಲವು ಊರುಗಳನ್ನು ಆರಿಸಿ, ಜೂನ್ ತಿಂಗಳ ಐದನೇ ತರಗತಿಯ ಪಟ್ಟಿ ಹಿಡಿಯೋಣ. ಆ ಪಟ್ಟಿಯಲ್ಲಿ ಶಾಲೆ ಬಿಟ್ಟವರ ಹೆಸರು ಹೊಡೆದುಹಾಕುವುದು ಬೇಡ. ಐದು ವರ್ಷ, ಪ್ರತಿ ಮೂರು ತಿಂಗಳಿಗೊಮ್ಮೆ, ಆಶಾ ತಾಯಿ ಮತ್ತು ಶಿಕ್ಷಕರು ಸೇರಿ ಮಗುವನ್ನು ಮೂರು ಮಾತು ಕೇಳಲಿ. ಈಗ ಏನು ಕೆಲಸ ಮಾಡುತ್ತೀ? ಮಧ್ಯಾಹ್ನ ಏನು ಉಂಡೆ? ಬಾಯಿಗೆ ಏನು ಹಾಕಿಕೊಂಡೆ, ಯಾರು ಕೊಟ್ಟರು? ಆಮೇಲೆ ಮಗುವಿನದೇ ಮೂರು ಬೆರಳು ಒಟ್ಟು ಮಾಡಿ, ನಿಲ್ಲಿಸಿ, ಅದರ ಬಾಯೊಳಗೆ ಹೋಗುತ್ತವೆಯೇ ನೋಡಲಿ. ಹೋಗದಿದ್ದರೆ ಅಡಿಕೆ, ಗುಟಕಾ ಬಾಯಿಯ ಒಳಪೊರೆಯನ್ನು ಬಿಗಿಯುತ್ತಿರಬಹುದು. ಅಂಥ ಮಗುವನ್ನು ತಡಮಾಡದೆ ದಂತವೈದ್ಯರ ಬಳಿ ಕರೆತರಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ಹದಿಹರೆಯದವರ ಸ್ನೇಹಾ ಕ್ಲಿನಿಕ್ ಇದೆ, ಮಂಗಳವಾರ ಮಾನಸಿಕ ಆರೋಗ್ಯದ ಮನೋಚೈತನ್ಯ ಕ್ಲಿನಿಕ್ ಇದೆ, 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಸಹಾಯವಾಣಿ ಕನ್ನಡದಲ್ಲೇ ಮಾತಾಡುತ್ತದೆ. ಯಾರಿಗೂ ಪೊಲೀಸರ ಹೆದರಿಕೆ ಹಾಕುವುದು ಬೇಡ. ಹೆದರಿದ ಮಗು ಸುಳ್ಳು ಹೇಳುತ್ತದೆ.

ಇದಕ್ಕೆ ದೊಡ್ಡ ಹಣ ಬೇಕಿಲ್ಲ. ನೂರು ಪುಟದ ನೋಟ್‌ಬುಕ್ಕು, ಕೆಂಪು ಪೆನ್ನು, ಮನೆ ಬಾಗಿಲಿಗೆ ಹೋಗುವ ಕಾಲು ಇದ್ದರೆ ಸಾಕು. ಸುರಪುರದ ಆ ಹೊಲದ ಹುಡುಗನಿಗೆ ಈಗ ಮತ ಹಾಕುವ ವಯಸ್ಸು ಬಂದಿದೆ. ಅವನಿಗೆ ನಾವು ತಡವಾದೆವು. ಈ ಜೂನ್‌ನಲ್ಲಿ ಐದನೇ ತರಗತಿಗೆ ಬರುವ ಮಕ್ಕಳಿಗೆ ತಡವಾಗದಿರಲಿ ಎಂದು ನಿಮ್ಮೆಲ್ಲರನ್ನೂ ಕೈಮುಗಿದು ಕೇಳಿಕೊಳ್ಳುತ್ತೇನೆ.